ನೆಪ್ಚೂನ್ ಮುಗಿಸಿ ಹೋಗಿ

ಮಕ್ಕಳು ಅವಳನ್ನು ಕತ್ತಲೆ ಮಿಸ್ ಎಂದು ಕರೆಯುತ್ತಿದ್ದರು. ಅವಳು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ. ಊರಿನ ತಾರಾಲಯದಲ್ಲಿ ದೀಪಗಳೆಲ್ಲ ಆರಿದ ಮೇಲೆ, ಗೋಡೆಯಂಚಿನ ಮೇಜಿನ ಹಿಂದೆ ನಿಂತು, ಸೂರ್ಯನನ್ನೂ ಅವನ ಸುತ್ತಲಿನ ಗ್ರಹಗಳನ್ನೂ ಬಂದವರಿಗೆ ಪರಿಚಯ ಮಾಡಿಕೊಡುವುದು ಅವಳ ಕೆಲಸ. ಒಳಗೆ ಬರುವಾಗ ಮಕ್ಕಳು ಅವಳನ್ನು ನೋಡುತ್ತಿರಲಿಲ್ಲ, ಹೊರಗೆ ಹೋಗುವಾಗಲೂ ನೋಡುತ್ತಿರಲಿಲ್ಲ. ಬೆಳಕು ಬರುವಷ್ಟರಲ್ಲಿ ಅವಳು ಹಿಂಬಾಗಿಲಿಂದ ಟೀ ಕುಡಿಯಲು ಹೋಗಿಬಿಟ್ಟಿರುತ್ತಿದ್ದಳು. ದನಿ ಮಾತ್ರ ಅವರ ಜೊತೆ ಮನೆಗೆ ಹೋಗುತ್ತಿತ್ತು. ತರಕಾರಿ ಅಂಗಡಿಯಲ್ಲಿ ಅವಳು "ಈ ಮೂಲಂಗಿ ಬಲಿತಿದೆಯಲ್ಲಪ್ಪ" ಅಂದರೆ ಸಾಕು, ಪಕ್ಕದಲ್ಲಿ ತಾಯಿಯ ಕೈ ಹಿಡಿದು ನಿಂತ ಮಗು ತಲೆಯೆತ್ತಿ ಆಕಾಶ ನೋಡುತ್ತಿತ್ತು.

ತಾರಾಲಯ ಎಂಬುದು ಬೋರ್ಡಿನ ಮೇಲಿನ ಹೆಸರು. ಊರಿನವರ ಬಾಯಲ್ಲಿ ಅದು ಗುಮ್ಮಟ. ಒಳಗೆ ಸುತ್ತಲೂ ಕುರ್ಚಿಗಳು, ನಡುವೆ ಎರಡು ಗುಂಡು ತಲೆಗಳ, ತೆಳು ಸೊಂಟದ, ಸಪೂರ ಕಾಲುಗಳ ಒಂದು ಕರಿ ಯಂತ್ರ. ಅದಕ್ಕೆ ಎಲ್ಲರೂ ಇರುವೆ ಎನ್ನುತ್ತಿದ್ದರು. ಅದನ್ನು ನಡೆಸುವವನಿಗೆ ಇರುವೆಯಣ್ಣ ಎಂದೇ ಹೆಸರು ಬಿದ್ದಿತ್ತು. ಇರುವೆಯ ಮೈಮೇಲಿನ ಸಣ್ಣ ತೂತುಗಳಿಂದ ಹೊರಟ ಬೆಳಕು ಬಿಳಿ ಚಾವಣಿಯ ಮೇಲೆ ನಕ್ಷತ್ರಗಳಾಗುತ್ತಿತ್ತು. ಅವಳ ಕೈಯಲ್ಲೊಂದು ಟಾರ್ಚು. ಅದರ ಬೆಳಕು ಬಾಣದ ಆಕಾರದ್ದು. ಆ ಬಾಣ ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿ ಗುಮ್ಮಟದ ಕಣ್ಣುಗಳೆಲ್ಲ ಹೋಗಿ ನಿಲ್ಲುತ್ತಿದ್ದವು.

ಆ ಬಿಳಿ ಚಾವಣಿಗೆ ಬಣ್ಣ ಬಳಿದವನು ಅವಳ ಅಪ್ಪ. ಗುಮ್ಮಟ ಕಟ್ಟುವಾಗ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ಬಳಿದಿದ್ದ. "ನೀನು ತೋರಿಸೋ ಆಕಾಶ ನಾನು ಬಳಿದದ್ದು ಕಣಮ್ಮ, ಎರಡು ಕೋಟು" ಎಂದು ಬಂದವರೆದುರೆಲ್ಲ ಹೇಳುತ್ತಿದ್ದ. ಆ ಗುಮ್ಮಟದ ಒಂದು ಚಾಳಿಯನ್ನು ಮೊದಲು ಕಂಡುಕೊಂಡವನೂ ಅವನೇ.

"ಬಾಗಿಲ ಪಕ್ಕ ಅಟ್ಟಣಿಗೆ ಮೇಲೆ ನಿಂತ್ಕೊಂಡು ಮೇಸ್ತ್ರೀನ ಬಾಯಿಗೆ ಬಂದಂಗೆ ಬೈದೆ. ಪಿಸುಮಾತಲ್ಲೇ. ಆ ಕಡೆ ಗೋಡೆ ಹತ್ರ ಬೀಡಿ ಸೇದ್ತಾ ನಿಂತಿದ್ದ ಮೇಸ್ತ್ರಿ 'ಇನ್ನೊಂದ್ಸಲ ಹೇಳು, ಕೊನೇದು ಸರಿಯಾಗಿ ಕೇಳಿಸ್ಲಿಲ್ಲ' ಅಂದ."

ಆ ಜಾಗದಲ್ಲಿ ಆಮೇಲೆ ಒಂದು ಕುರ್ಚಿ ಬಂತು. ಅದರಲ್ಲಿ ಕೂತು ಏನು ಪಿಸುಗುಟ್ಟಿದರೂ ಮಾತು ಗುಮ್ಮಟದ ಬೆನ್ನೇರಿ, ಜಾರಿ, ಎದುರು ಗೋಡೆಯ ಬಳಿ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಪಕ್ಕದ ಸಾಲಿನವರಿಗೆ ಕೇಳಿಸದಿದ್ದದ್ದು ಅವಳಿಗೆ ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸುತ್ತಿತ್ತು. ಕೆಲಸದವರು ಅದನ್ನು ಚಾಡಿ ಕುರ್ಚಿ ಎಂದು ಕರೆದು, ತಾವು ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಅವಳು ಮಾತು ನಿಲ್ಲಿಸಿದಾಗಲೆಲ್ಲ ಇರುವೆಯಣ್ಣ ಮೈಕಿನ ಗುಂಡಿ ತಿರುಗಿಸಿ ದನಿ ಇಳಿಸಬೇಕು. ಇಲ್ಲದಿದ್ದರೆ ಕುರ್ಚಿಯ ಮಾತು ಮೈಕಿಗೆ ಹೊಕ್ಕು ಇಡೀ ಗುಮ್ಮಟಕ್ಕೆ ಕೇಳುತ್ತಿತ್ತು. ಒಮ್ಮೆ ಅವನು ಮರೆತ. ಶನಿಗ್ರಹದ ಬಳೆಗಳನ್ನು ಎಲ್ಲರೂ ಬೆರಗಾಗಿ ನೋಡುತ್ತಿದ್ದಾಗ ಆಕಾಶದಿಂದ ಒಬ್ಬ ಗಂಡಸಿನ ದನಿ, "ನಿಮ್ಮಮ್ಮ ವಾಪಸ್ ಯಾವಾಗ ಹೋಗ್ತಾರೆ?" ಎಂದು ಕೇಳಿತು. ಅಂದಿನಿಂದ ಇರುವೆಯಣ್ಣನ ಬೆರಳು ಆ ಗುಂಡಿ ಬಿಟ್ಟು ಕದಲಿದ್ದಿಲ್ಲ.

ಈ ಗುಟ್ಟು ತಿಳಿಯದೆ ಇದ್ದವನು ಮ್ಯಾನೇಜರ್ ಒಬ್ಬನೇ. ಅವನು ಒಂದು ಪ್ರದರ್ಶನಕ್ಕೂ ಒಳಗೆ ಕೂತವನಲ್ಲ. ಗೇಟು, ಆಫೀಸು, ಮೇಲಿನವರ ಕಾರು, ಇಷ್ಟೇ ಅವನ ದಾರಿ. ಮೇಲಿನವರು ಯಾರಾದರೂ ಬಂದರೆ ಮಾತ್ರ ಸೂರ್ಯನ ಹತ್ತಿರದ ಬುಧನಂತೆ ಆತುರಾತುರವಾಗಿ ಅವರನ್ನೇ ಸುತ್ತುತ್ತಿದ್ದ.

ಒಂದು ದಿನ ಅವನು ಅವಳನ್ನು ಕರೆದು, "ನಿಮ್ಮ ದನೀನ ಒಂದ್ಸಲ ರೆಕಾರ್ಡ್ ಮಾಡಿಟ್ಕೊಳ್ಳೋಣ. ನಿಮಗೆ ನೆಗಡಿ ಗಿಗಡಿ ಆದ್ರೆ ಪ್ರದರ್ಶನ ನಿಲ್ಲಬಾರದಲ್ಲ" ಅಂದ. ಅವಳಿಗೆ ಸರಿ ಅನ್ನಿಸಿತು. ಮಹಡಿಯ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಹೊರಗಿನಿಂದ ತರಿಸಿದ ಯಂತ್ರ ಇಟ್ಟು, ಕೆಲಸ ಶುರುವಾಯಿತು. ಆ ವಾರವೇ ಅಪ್ಪ ಆಸ್ಪತ್ರೆ ಸೇರಿದ್ದ. ಜೀವನವೆಲ್ಲ ಬಣ್ಣದ ಧೂಳು ಕುಡಿದ ಎದೆ ಅದು.

"ಸರ್, ಆಸ್ಪತ್ರೆಯಿಂದ ಫೋನ್ ಬಂದ್ರೆ ತಕ್ಷಣ ಹೇಳಿ. ಅಪ್ಪನಿಗೆ ಉಸಿರಾಡೋಕೆ ಆಗ್ತಾ ಇಲ್ಲ" ಎಂದು ಅವಳು ಕೊನೆಯ ದಿನ ಕೋಣೆಗೆ ಹೋಗುವ ಮುಂಚೆ ಹೇಳಿದ್ದಳು.

"ಹೇಳ್ದೆ ಇರ್ತೀನಾ? ನಾನೇನು ಮನುಷ್ಯ ಅಲ್ವಾ?" ಅಂದಿದ್ದ ಮ್ಯಾನೇಜರ್.

ಊಟದ ಹೊತ್ತಿಗೆ, ಯುರೇನಸ್ ಓದುತ್ತಿರುವಾಗ, ಬಾಗಿಲ ಗಾಜಿನಾಚೆ ಅವನನ್ನು ಯಾರೋ ಫೋನಿಗೆ ಕರೆದದ್ದು ಕಾಣಿಸಿತು. ಅವನು ಹೋಗಿ ಬಂದು ಮತ್ತೆ ಕೂತ. ಅವಳು ಹುಬ್ಬೆತ್ತಿ ಕೇಳಿದಳು. ಅವನು ಮುಂದುವರಿಸಿ ಎಂದು ಕೈ ಆಡಿಸಿದ. ಯುರೇನಸ್ ಮುಗಿದದ್ದೇ ಬಾಗಿಲು ತೆರೆದು, "ಯಾರ ಫೋನು ಸರ್?" ಅಂದಳು.

"ಆಫೀಸಿಂದು. ಇನ್ನೇನು ಉಳ್ಕೊಂಡಿದೆ? ನೆಪ್ಚೂನ್ ಮುಗಿಸಿ ಹೋಗಿ. ಯಂತ್ರ ನಾಳೆ ಇರಲ್ಲ."

ಮತ್ತೆ ಮತ್ತೆ ಓದಿ, ಸಂಜೆಯ ಹೊತ್ತಿಗೆ ಅವಳು ನೆಪ್ಚೂನ್ ಮುಗಿಸಿದಳು. ಅದರಲ್ಲಿ ಅವಳೇ ಬರೆದುಕೊಂಡ ಎರಡು ವಾಕ್ಯಗಳಿದ್ದವು. "ಸೂರ್ಯನ ಬೆಳಕು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿರುತ್ತದೆ. ಅಲ್ಲಿ ಸೂರ್ಯ ಆರಿಹೋದರೂ ಈ ಗ್ರಹಕ್ಕೆ ತಿಳಿಯುವುದು ಆಮೇಲೆ." ಅದನ್ನು ಓದುವಾಗ ಒಮ್ಮೆ ಉಗುಳು ನುಂಗಿದಳು. ಆ ನುಂಗಿದ ಸದ್ದು ಟೇಪಿನಲ್ಲಿ ಹಾಗೇ ಉಳಿಯಿತು. ಕೊನೆಗೆ ಪ್ಲೂಟೋದ ಎರಡು ಸಾಲು, "ಹೀಗೆ ನಮ್ಮ ಸೂರ್ಯನಿಗೆ ಒಂಬತ್ತು ಗ್ರಹಗಳು" ಎಂಬ ಮುಕ್ತಾಯ. ಹೊರಗೆ ಬಂದಾಗ ಮ್ಯಾನೇಜರ್, "ಈಗಷ್ಟೇ ಆಸ್ಪತ್ರೆಯಿಂದ ಫೋನ್ ಬಂತು, ಹೊರಡಿ" ಅಂದ.

ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗಿತ್ತು. ನರ್ಸು ಅವಳ ಭುಜ ಹಿಡಿದು, "ಊಟದ ಹೊತ್ತಿಗೇ ಫೋನ್ ಮಾಡಿಸಿದ್ವಲ್ಲಮ್ಮ. ಎಚ್ಚರ ಇತ್ತು ಅವರಿಗೆ. ಬಾಗಿಲ ಕಡೇನೇ ನೋಡ್ತಿದ್ರು" ಅಂದಳು.

ಮ್ಯಾನೇಜರ್‌ನನ್ನು ಕೇಳಿದರೆ ಒಂದೇ ಮಾತು: "ಫೋನ್ ಬಂದದ್ದು ನೀವು ಮುಗಿಸಿದ ಮೇಲೇನೇ. ಊಟದ ಹೊತ್ತಿಗೆ ಬಂದದ್ದು ಆಫೀಸಿಂದು." ಅಂದು ಅವನನ್ನು ಫೋನಿಗೆ ಕರೆದ ಟಿಕೆಟ್ ಕೌಂಟರಿನವಳು ಬೇರೆ ಊರಿಗೆ ಮದುವೆಯಾಗಿ ಹೋಗಿದ್ದಳು. ಕೇಳಲು ಇನ್ನೊಂದು ಬಾಯಿ ಇರಲಿಲ್ಲ. ತಿಂಗಳು ಕಳೆಯುವುದರೊಳಗೆ ಮ್ಯಾನೇಜರ್ ಕತ್ತಲೆ ಮಿಸ್ಸನ್ನು ಕರೆದು, "ಟೇಪ್ ಚೆನ್ನಾಗಿ ಬಂದಿದೆ. ಇನ್ನು ನೀವು ಬರೋ ತೊಂದರೆ ತಗೋಬೇಡಿ" ಅಂದ.

ಅವಳ ಮುಂದಿನ ಕೆಲಸ ಬಸ್ ನಿಲ್ದಾಣದಲ್ಲಿ. ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುವುದು. ಅಲ್ಲೂ ಕೆಲವು ಮಕ್ಕಳು ಅವಳ ದನಿ ಕೇಳಿ ಆಕಾಶ ನೋಡುತ್ತಿದ್ದರು. ಅಲ್ಲಿ ತಗಡಿನ ಚಾವಣಿ, ಪಾರಿವಾಳದ ಹಿಕ್ಕೆ. ಗುಮ್ಮಟದಲ್ಲಿ ಮಾತ್ರ ಅವಳ ದನಿ ದಿನವೂ ಸೂರ್ಯನನ್ನು ಮುಳುಗಿಸುತ್ತಿತ್ತು, ದಿನವೂ ನೆಪ್ಚೂನ್ ಹತ್ತಿರ ಉಗುಳು ನುಂಗುತ್ತಿತ್ತು.

ರಜೆ ಸಿಕ್ಕಾಗಲೆಲ್ಲ ಅವಳು ಅಲ್ಲಿಗೆ ಹೋಗುತ್ತಿದ್ದಳು. ಇರುವೆಯಣ್ಣ ಹಿಂಬಾಗಿಲಿಂದ ಒಳಗೆ ಬಿಡುತ್ತಿದ್ದ. ಕತ್ತಲಲ್ಲಿ ಕೂತು ಆ ಒಂದು ಸದ್ದಿಗೆ ಕಾಯುತ್ತಿದ್ದಳು. ಆ ಸದ್ದು ಟೇಪಿಗಿಳಿದ ಹೊತ್ತಿನಲ್ಲೇ ಅಪ್ಪ ಬಾಗಿಲ ಕಡೆ ನೋಡುತ್ತಿದ್ದ. ನೂರಾರು ಜನ ಅದನ್ನು ಕೇಳಿಸಿಕೊಂಡು ಚುರುಮುರಿ ತಿಂದಂತೆ ಮರೆತು ಎದ್ದುಹೋಗುತ್ತಿದ್ದರು. ಅವಳು ಕೆಂಡದ ಮೇಲಿನ ಬೂದಿಯನ್ನು ಊದಿ ಮನೆಗೆ ಬರುತ್ತಿದ್ದಳು.

ಮನೆಯಲ್ಲಿ ಇದ್ದವರು ಗಂಡ ಮತ್ತು ಅತ್ತೆ. ಗಂಡನದು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ; ಮನೆಯ ಮುಂದಿನ ಕೋಣೆಯೇ ಅಂಗಡಿ. ಮೆದು ಮನುಷ್ಯ. "ಹೋಗ್ಲಿ ಬಿಡೇ, ಅವನನ್ನ ದೇವರು ನೋಡ್ಕೋತಾನೆ" ಅನ್ನುತ್ತಿದ್ದ.

ಅತ್ತೆ ಹಾಗಲ್ಲ. ಅವರಿಗೂ ಸೊಸೆಗೂ ಉಪ್ಪು ಖಾರದಿಂದ ಹಿಡಿದು ಕಿಟಕಿಯ ಚಿಲಕದವರೆಗೆ ಜಗಳವಿತ್ತು. ಮ್ಯಾನೇಜರ್ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಬಾಯಿ. ಅತ್ತೆ ಅವನನ್ನು ಧೂಮಕೇತು ಎಂದಲ್ಲದೆ ಬೇರೆ ಏನೆಂದೂ ಕರೆದವರಲ್ಲ.

"ದೇವರಿಗೆ ಬೇರೆ ಕೆಲಸ ಇಲ್ವೇನೋ" ಎಂದು ಮಗನಿಗೆ ಗದರುತ್ತಿದ್ದರು. "ಬಿಡಬೇಡ ಕಣೇ ಅವನನ್ನ. ನನ್ನ ಬೀಗ ಸುಳ್ಳಾಡದ ಮನುಷ್ಯ. ಅವನು ಬಾಗಿಲು ನೋಡ್ತಾ ಹೋದ. ಆ ಧೂಮಕೇತು ತನ್ನ ಬಾಯಲ್ಲೇ ಒಪ್ಕೋಬೇಕು, ನಾಲ್ಕು ಜನದ ಮುಂದೆ."

ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಅವನ ಕೆಲಸ ಹೋಗಬೇಕೆಂದಲ್ಲ, ಕಾಲು ಮುರಿಯಬೇಕೆಂದಲ್ಲ. ಊಟದ ಹೊತ್ತಿಗೆ ಬಂದ ಫೋನು ಆಸ್ಪತ್ರೆಯದೇ, ತಾನು ಅದನ್ನು ತಡೆದಿಟ್ಟೆ ಎಂದು ಅವನ ನಾಲಿಗೆ ಹೇಳಬೇಕು, ಅದನ್ನು ಜನ ಕೇಳಬೇಕು. ಅದು ಹೇಗೆ ಆಗುವುದೆಂದು ಅವಳಿಗೆ ತಿಳಿದಿರಲಿಲ್ಲ. ವರ್ಷಗಳು ಹೋದವು.

ಒಂದು ಬೆಳಿಗ್ಗೆ ಗಂಡ ಪೇಪರ್ ಓದುತ್ತ, "ನೋಡೇ, ನಿನ್ನ ಪ್ಲೂಟೋಗೂ ಕೆಲಸ ಹೋಯ್ತಂತೆ. ಗ್ರಹ ಅಲ್ಲ ಅಂತ ವಿಜ್ಞಾನಿಗಳು ತೀರ್ಮಾನ ಮಾಡಿದಾರೆ. ಇನ್ಮೇಲೆ ಎಂಟೇ" ಅಂದ.

ಒಳಗಿನಿಂದ ಅತ್ತೆಯ ದನಿ ಬಂತು. "ಅದನ್ನೂ ಆ ಧೂಮಕೇತುವೇ ತೆಗೆಸಿರಬೇಕು. ಟೇಪ್ ಮಾಡ್ಕೊಂಡು ಬರಬೇಡ ಅಂದಿರ್ತಾನೆ."

ಅವಳು ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಟೇಪಿನಲ್ಲಿ ತಾನು ಒಂಬತ್ತು ಎಂದು ಎಲ್ಲೆಲ್ಲಿ ಹೇಳಿದ್ದೇನೆಂದು ಅವಳಿಗೆ ಬಾಯಿಪಾಠವಾಗಿತ್ತು. ಶುರುವಿಗೆ ಸೂರ್ಯನ ಬಳಿ, ನಡುವೆ ಗುರುವಿನ ಬಳಿ, ಕೊನೆಗೆ ಸೂರ್ಯೋದಯಕ್ಕೆ ಮುಂಚೆ. "ಅವನು ಬರ್ತಾನೆ" ಎಂದಳು.

ಬಂದ. ಆದರೆ ಪಠ್ಯಪುಸ್ತಕಗಳು ಬದಲಾಗಿ, ಮಕ್ಕಳು ಕತ್ತಲಲ್ಲೇ "ಮಿಸ್, ಎಂಟು, ಎಂಟು" ಎಂದು ಟೇಪಿಗೆ ತಿದ್ದುಪಡಿ ಹೇಳಲು ಶುರುಮಾಡಿದ ಮೇಲೆ ಬಂದ. ಅದಕ್ಕೂ ಮುಂಚೆ ಕೌಂಟರಿನ ಹೊಸ ಹುಡುಗಿಯಿಂದ "ಎಂಟು" ಎಂದು ಹೇಳಿಸಿ ಟೇಪಿಗೆ ಅಂಟಿಸಿದ್ದನಂತೆ. ರೇಷ್ಮೆಗೆ ಗೋಣಿಯ ತೇಪೆ ಹಾಕಿದಂತಾಗಿ ಗುಮ್ಮಟಕ್ಕೆ ಗುಮ್ಮಟವೇ ನಕ್ಕಿತ್ತು. ಈಗ ಮೇಲಿನ ಆಫೀಸಿನಿಂದ ಡೈರೆಕ್ಟರ್ ಬರುವವರಿದ್ದರು.

ಮ್ಯಾನೇಜರ್ ಮುಂದಿನ ಕೋಣೆಯಲ್ಲಿ, ಬಿಚ್ಚಿಟ್ಟ ಎರಡು ಮೋಟಾರುಗಳ ನಡುವೆ, ಪ್ಯಾಂಟಿಗೆ ಗ್ರೀಸು ತಾಗದಂತೆ ಮಂಡಿ ಒತ್ತಿಕೊಂಡು ಕೂತ. ಅತ್ತೆ ಟೀ ತಂದು ಅವನ ಮುಂದಿಡದೆ ಕೈಯಲ್ಲೇ ಹಿಡಿದು ನಿಂತರು.

"ಒಂದೇ ಒಂದು ಮಾತು ಮೇಡಂ. ಎಂಟು ಅಂತ. ಹತ್ತು ನಿಮಿಷದ ಕೆಲಸ."

"ಒಂದು ಮಾತು ಅಂತೀರಿ" ಅಂದರು ಅತ್ತೆ. "ಒಂದು ಮಾತು ಹೇಳೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಿಲ್ವೇ ಸಾಹೇಬ್ರೇ? ಕೆಲವರಿಗೆ ಅರ್ಧ ದಿನ ಹಿಡಿಯುತ್ತೆ."

ಮ್ಯಾನೇಜರ್ ಕೆಮ್ಮಿದ. "ಅಮ್ಮ, ಹಳೇದನ್ನ ಯಾಕೆ..."

"ಟೀ ಹಳೇದಲ್ಲ, ಈಗ ಮಾಡಿದ್ದು. ಕುಡೀರಿ."

ಅವಳು ತಂತಿಯ ಸುರುಳಿಯೊಂದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಕೋಣೇಲಿ ಕೂತು ಒಂದು ಮಾತು ಹೇಳಿದ್ರೆ ಮತ್ತೆ ತೇಪೆನೇ ಆಗುತ್ತೆ ಸರ್" ಎಂದಳು. "ಅವತ್ತಿನ ದನಿ ಈಗ ಇಲ್ಲ. ಪೂರ್ತಿ ಹೊಸದಾಗಿ ಹೇಳ್ತೀನಿ. ಜನ ಇರೋವಾಗ, ಮೇಜಿನ ಹಿಂದೆ ನಿಂತು. ಡೈರೆಕ್ಟರ್ ಬರೋ ದಿನಾನೇ ಇಟ್ಕೊಳ್ಳಿ. ನಾನು ಹೇಳ್ತಿರ್ತೀನಿ, ನೀವು ರೆಕಾರ್ಡ್ ಮಾಡ್ಕೊಳ್ಳಿ."

ಅವನ ಮುಖ ಬೆಳಗಿತು. ಡೈರೆಕ್ಟರ್ ಎದುರಿಗೇ ಹೊಸ ರೆಕಾರ್ಡಿಂಗ್. "ಅದಕ್ಕೇನು, ಆಗ್ಲಿ ಆಗ್ಲಿ. ಬೇರೆ ಏನಾದ್ರೂ ಬೇಕೇ?"

"ಹಳೇ ಟೇಪ್ ನನಗೆ ಬೇಕು. ಮತ್ತೆ ಡೈರೆಕ್ಟರ್ ಜೊತೆ ನೀವೂ ಕೂರಬೇಕು. ಬಾಗಿಲ ಪಕ್ಕ, ಕೊನೇ ಸಾಲಿನ ಮೊದಲ ಕುರ್ಚಿ ನಿಮಗೆ, ಅದರ ಪಕ್ಕದ್ದು ಅವರಿಗೆ. ಅಲ್ಲಿಂದ ಗ್ರಹಗಳು ಚೆನ್ನಾಗಿ ಕಾಣುತ್ತೆ."

ಅವನು ಒಪ್ಪಿ, ಟೀ ಅರ್ಧ ಬಿಟ್ಟು ಎದ್ದು ಹೋದ. ಅತ್ತೆ ಉಳಿದ ಟೀಯನ್ನು ಬಚ್ಚಲಿಗೆ ಚೆಲ್ಲಿ ಬಂದು, "ಇಷ್ಟು ಸುಲಭವಾಗಿ ಒಪ್ಕೊಂಡ್ಬಿಟ್ಯಲ್ಲೇ, ಮೈಯಲ್ಲಿ ರಕ್ತ ಇಲ್ವಾ?" ಎಂದು ಅವಳ ಮೇಲೆ ಹಾರಿದರು. ಅವಳು ಚಾಡಿ ಕುರ್ಚಿಯ ಕತೆ ಹೇಳಿದಳು. ಅತ್ತೆ ಖಾಲಿ ಲೋಟವನ್ನು ಮೋಟಾರಿನ ಮೇಲೆ ಕುಕ್ಕಿದರು. ಆಮೇಲೆ, "ನಾನೂ ಬರ್ತೀನಿ. ಮುಂದಿನ ಸಾಲಲ್ಲಿ ಒಂದು ಸೀಟು ಹಿಡಿದಿಡು" ಅಂದರು.

ಇರುವೆಯಣ್ಣನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅವನು ಇರುವೆಯ ಮಸೂರಗಳನ್ನು ಹತ್ತಿಬಟ್ಟೆಯಲ್ಲಿ ಒರೆಸುತ್ತ, ಅವಳ ಮುಖ ನೋಡದೆ ಕೇಳಿಸಿಕೊಂಡ.

"ತಂಗ್ಯಮ್ಮ, ನನಗೂ ಮಕ್ಕಳು ಮರಿ ಇದಾವೆ. ಇಂಥದ್ದಕ್ಕೆಲ್ಲ ನಾನು ಕೈ ಹಾಕಲ್ಲ."

"ನೀವು ಕೈ ಹಾಕೋದೇ ಬೇಡಣ್ಣ."

ಅವನ ಬಟ್ಟೆ ನಿಂತಿತು. ಮತ್ತೆ ಒರೆಸತೊಡಗಿದ. "ಹೌದಲ್ಲ. ವಯಸ್ಸಾಯ್ತು ನೋಡು. ಗುಂಡಿ ತಿರುಗಿಸೋದು ಮರೆತುಹೋಗುತ್ತಪ್ಪ ಒಂದೊಂದ್ಸಲ" ಎಂದ.

ಆ ದಿನ ಎರಡು ಶಾಲೆಗಳ ಮಕ್ಕಳು, ಅವರ ಟೀಚರುಗಳು, ಪೇಪರಿನವನೊಬ್ಬ, ಮುಂದಿನ ಸಾಲಿನಲ್ಲಿ ಗಂಡನ ತೋಳು ಹಿಡಿದ ಅತ್ತೆ. ಬಾಗಿಲ ಪಕ್ಕ ಡೈರೆಕ್ಟರ್, ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಅವರ ಪಕ್ಕ ಚಾಡಿ ಕುರ್ಚಿಯಲ್ಲಿ ಮ್ಯಾನೇಜರ್. ಅವಳು ಮೇಜಿನ ಮೇಲೆ ಅಂಗೈ ಊರಿ ನಿಂತಳು. ಮರದ ಆ ಸವೆದ ಅಂಚು ಅವಳ ಕೈಯ ಗುರುತು ಮರೆತಿರಲಿಲ್ಲ. ಇರುವೆಯಣ್ಣ ರೆಕಾರ್ಡಿಂಗ್ ಯಂತ್ರ ಶುರುಮಾಡಿ, ದೀಪಗಳನ್ನು ಮೆಲ್ಲಗೆ ಆರಿಸಿದ.

"ಹೆದರಬೇಡಿ ಮಕ್ಕಳೇ. ಕತ್ತಲೆ ಅಂದರೆ ಆಕಾಶ ಬಾಗಿಲು ತೆಗೆಯುವ ಹೊತ್ತು, ಅಷ್ಟೇ."

ಎಲ್ಲೋ ಒಂದು ಮಗು "ಮಿಸ್ ಬಂದ್ರು" ಅಂದಿತು. ಅವಳು ಆ ಮಾತಿಗೆ ಕರಗಲಿಲ್ಲ. ಕರಗಲು ಬಂದವಳಲ್ಲ ಅವಳು.

ಸೂರ್ಯನನ್ನು ತೋರಿಸಿದಳು. ತಾನೇ ಉರಿದು ಉಳಿದವರಿಗೆ ಬೆಳಕು ಕೊಡುವವನು, ಅವನನ್ನು ಬಿಟ್ಟು ಇಲ್ಲಿ ಯಾರಿಗೂ ಸ್ವಂತ ಬೆಳಕಿಲ್ಲ ಎಂದಳು. ಬಾಣ ಬುಧನ ಮೇಲೆ ನಿಂತಿತು: ಹಗಲಲ್ಲಿ ಕುಲುಮೆ, ರಾತ್ರಿಯಲ್ಲಿ ಮರಗಟ್ಟುವ ಚಳಿ. ಸೂರ್ಯನಿಗೆ ಎಲ್ಲರಿಗಿಂತ ಹತ್ತಿರವಿದ್ದೂ ಹಿಡಿಯಷ್ಟು ಗಾಳಿಯನ್ನು ಉಳಿಸಿಕೊಳ್ಳಲಾಗದವನು. ಶುಕ್ರನನ್ನು ತೋರಿಸುವಾಗ, "ದೂರದಿಂದ ಎಷ್ಟು ಚೆಂದ ಅಲ್ವಾ? ಹತ್ತಿರ ಹೋಗಿ ನೋಡಿ. ಆ ಹೊಳೆಯುವ ಮೋಡಗಳು ಆಮ್ಲದವು. ಕೆಳಗೆ ಸೀಸ ಕರಗುವಷ್ಟು ಬಿಸಿ. ಹೊಳೆಯೋದನ್ನೆಲ್ಲ ನಂಬಬಾರದು" ಎಂದಳು. ಮುಂದಿನ ಸಾಲಿನಿಂದ ಅತ್ತೆ "ಹೌದು" ಅಂದದ್ದು ಕೇಳಿಸಿತು.

ಭೂಮಿ, ಮಂಗಳ, ಗುರು. ಗುರುವಿನ ಬಳಿ ಹಿಂದೆ ಒಂಬತ್ತು ಎನ್ನುತ್ತಿದ್ದಲ್ಲಿ ಈಗ "ಎಲ್ಲ ಗ್ರಹಗಳಿಗಿಂತ ದೊಡ್ಡವನು" ಎಂದು ದಾಟಿಸಿದಳು. ಸೂರ್ಯನ ಬಳಿಯೂ ಸಂಖ್ಯೆ ಹೇಳಿರಲಿಲ್ಲ. ಶನಿಯ ಬಳೆಗಳಿಗೆ ಮಕ್ಕಳು ಉಸಿರೆಳೆದರು. ಈ ನಡುವೆ ಅವಳ ಕಿವಿಗೆ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ, ಮ್ಯಾನೇಜರ್‌ನ ಪಿಸುಮಾತು ಬರುತ್ತಲೇ ಇತ್ತು. ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಸಿದ್ದು ನಾನೇ ಮೇಡಂ. ಈ ಏರ್ಪಾಡೂ ನನ್ನದೇ ಮೇಡಂ. ಬುಧ ಸುತ್ತುತ್ತಿದ್ದ.

ಯುರೇನಸ್ ಮುಗಿಸಿದಳು. ಬಾಣವನ್ನು ಸರಿಸಿ ನೀಲಿ ಚುಕ್ಕೆಯೊಂದರ ಮೇಲೆ ನಿಲ್ಲಿಸಿದಳು.

"ಇದು ನೆಪ್ಚೂನ್. ಸೂರ್ಯನ ಬೆಳಕು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿರುತ್ತದೆ. ಅಲ್ಲಿ ಸೂರ್ಯ ಆರಿಹೋದರೂ ಈ ಗ್ರಹಕ್ಕೆ ತಿಳಿಯುವುದು ಆಮೇಲೆ."

ಅಲ್ಲಿಗೆ ಮಾತು ನಿಲ್ಲಿಸಿದಳು. ಟಾರ್ಚನ್ನೂ ಆರಿಸಿದಳು. ಗುಂಡಿಯ ಬಳಿ ಇರುವೆಯಣ್ಣ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದು ಮಬ್ಬಿನಲ್ಲಿ ಕಾಣಿಸಿತು.

ಮೌನ ಬೆಳೆಯಿತು. ಒಬ್ಬರು ಕೆಮ್ಮಿದರು. ಅವಳು ಕಾದಳು. ಮೇಲಿನವರ ಪಕ್ಕದಲ್ಲಿ ಕೂತ ಮ್ಯಾನೇಜರ್ ಮೌನವನ್ನು ಸಹಿಸಲಾರನೆಂದು ಅವಳಿಗೆ ಗೊತ್ತಿತ್ತು. ಮೊದಲು ಡೈರೆಕ್ಟರ್ ದನಿ ಬಂತು, ಪಕ್ಕದ ಕುರ್ಚಿಯದಾದ್ದರಿಂದ ಸಣ್ಣಗೆ, ಅವಳ ಕಿವಿಗೆ ಮಾತ್ರ. "ಯಾಕೆ ನಿಲ್ಲಿಸಿದ್ರು?"

ಆಮೇಲೆ ಅವನದು. ಪಿಸುಮಾತೇ, ಸ್ಪೀಕರುಗಳಲ್ಲಿ ದೊಡ್ಡದಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.

"ಇವಳದು ಇದೇ ಮೇಡಂ. ರೆಕಾರ್ಡಿಂಗ್ ದಿನಾನೂ ಇಲ್ಲೇ ಎಳೆದಾಡಿದ್ಳು. ಅವತ್ತು ಇವಳ ಅಪ್ಪ ಸಾಯೋ ಸ್ಥಿತೀಲಿದ್ದ. ಊಟದ ಹೊತ್ತಿಗೇ ಆಸ್ಪತ್ರೆಯಿಂದ ಫೋನ್ ಬಂತು. ಹೇಳಿದ್ರೆ ಓಡಿಹೋಗ್ತಾಳೆ, ಯಂತ್ರ ಮಾರನೇ ದಿನ ವಾಪಸ್ ಕೊಡ್ಬೇಕು. ನಾನು ಹೇಳ್ಲೇ ಇಲ್ಲ. ನೆಪ್ಚೂನ್ ಮುಗಿಸಿ ಹೋಗು ಅಂದೆ. ಕೆಲಸದವರ ಹತ್ರ ಕೆಲಸ ತೆಗೆಯೋದು ಗೊತ್ತಿರಬೇಕು ಮೇಡಂ."

ಕೊನೆಯ ಒಂದೆರಡು ಮಾತುಗಳು ಬರುವಷ್ಟರಲ್ಲಿ ಅವನಿಗೇ ತನ್ನ ದನಿ ಮೇಲಿನಿಂದ ಕೇಳಿಸಿತ್ತು. ಆದರೂ ಓಟದಲ್ಲಿದ್ದ ನಾಲಿಗೆ ನಿಲ್ಲಲಿಲ್ಲ; "ಮೇಡಂ" ಎಂಬುದು ತನ್ನಷ್ಟಕ್ಕೆ ಉರುಳಿ ಬಂತು. ಆಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು, ಅದೂ ಸ್ಪೀಕರಿನಲ್ಲಿ.

"ಮಿಸ್, ಅದು ಯಾರು ಮಾತಾಡಿದ್ದು?" ಒಬ್ಬಳು ಹುಡುಗಿ ಕೇಳಿದಳು.

ಅವಳು ಟಾರ್ಚು ಹೊತ್ತಿಸಿದಳು. ಬೆಳಕಿನ ಬಾಣ ನೆಪ್ಚೂನಿನಿಂದ ಹೊರಟು, ನಕ್ಷತ್ರಗಳ ನಡುವೆ ಮೆಲ್ಲಗೆ ಇಳಿದು, ಬಾಗಿಲ ಪಕ್ಕ ಬಂದು, ಮ್ಯಾನೇಜರ್‌ನ ಹಣೆಯ ಮೇಲೆ ನಿಂತಿತು. ಗುಮ್ಮಟದ ಕಣ್ಣುಗಳೆಲ್ಲ ಬಂದು ಅಲ್ಲಿ ನಿಂತವು. ಅವನು ಕೈ ಅಡ್ಡ ಹಿಡಿದ. ಬಾಣ ಆ ಕೈಯ ಮೇಲೂ ಕೂತಿತು.

"ಅವರು" ಎಂದಳು. "ಅವರು ಹೇಳಿದ್ದು ನಮ್ಮಪ್ಪನ ವಿಷಯ. ನೀವು ನೋಡ್ತಿದೀರಲ್ಲ ಈ ಆಕಾಶ, ಇದಕ್ಕೆ ಬಣ್ಣ ಬಳಿದವರು ನಮ್ಮಪ್ಪ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಮಕ್ಕಳಲ್ಲಿ ಯಾರೋ ನಗಲು ಹೋಗಿ ನಿಲ್ಲಿಸಿದರು. ಮ್ಯಾನೇಜರ್ ಏಳಲು ನೋಡಿದ. ಕತ್ತಲಲ್ಲಿ ಬಾಗಿಲು ಎಲ್ಲಿದ್ದರೂ ಬಾಣ ಅವನ ಜೊತೆಗೇ ಬರುತ್ತದೆಂದು ಅರಿವಾಗಿ ಮತ್ತೆ ಕೂತ. ಅವನು ಬೆವರುವಷ್ಟು ಹೊತ್ತು ಅವಳು ಬಾಣವನ್ನು ತೆಗೆಯಲಿಲ್ಲ. ಅಪ್ಪ ಬಾಗಿಲು ನೋಡುತ್ತಿದ್ದಷ್ಟು ಹೊತ್ತು ಹಿಡಿಯಬೇಕೆಂದು ಅವಳಿಗಿತ್ತು. ಮಕ್ಕಳ ಮುಖ ನೋಡಿ ತೆಗೆದಳು.

"ಇದರಾಚೆ ಪ್ಲೂಟೋ ಇದೆ. ಈಗ ಅದನ್ನು ಗ್ರಹ ಅನ್ನೋದಿಲ್ಲ. ಹಾಗಾದರೆ ಗ್ರಹಗಳು ಎಷ್ಟು, ನೀವೇ ಹೇಳಿ."

"ಎಂಟು" ಎಂದು ಗುಮ್ಮಟ ಬಿರಿಯುವಂತೆ ಮಕ್ಕಳು ಕೂಗಿದರು.

ಅವಳು ಮಾತ್ರ ಆ ಮಾತನ್ನು ಹೇಳಲಿಲ್ಲ. ಇರುವೆಯಣ್ಣನಿಗೆ ಸನ್ನೆ ಮಾಡಿದಳು. ಪ್ರತಿ ಪ್ರದರ್ಶನದಲ್ಲೂ ಎದುರು ದಿಕ್ಕಿನಲ್ಲಿ ಹುಟ್ಟುತ್ತಿದ್ದ ಸೂರ್ಯ ಅಂದು ಬಾಗಿಲ ಮೇಲೆ ಹುಟ್ಟಿದ. ಬೆಳಕು ಮೊದಲು ತಲುಪಿದ್ದು ಚಾಡಿ ಕುರ್ಚಿಯನ್ನು. ಡೈರೆಕ್ಟರ್ ಎದ್ದು ಎರಡು ಕುರ್ಚಿ ಆಚೆ ಹೋಗಿ ಕೂತಿದ್ದರು. ಅಷ್ಟು ಜನರ ನಡುವೆ ಅವನು ಒಬ್ಬನೇ ಕಾಣುತ್ತಿದ್ದ.

ಆ ಸಲ ಅವಳು ಟೀ ಕುಡಿಯಲು ಹಿಂಬಾಗಿಲಿಂದ ಹೋಗಲಿಲ್ಲ. ಮಕ್ಕಳು ಸಾಲಾಗಿ ಹೊರಡುತ್ತ ಅವಳ ಮುಖವನ್ನು ನೋಡಿದರು. "ಇಷ್ಟು ಕುಳ್ಳಗಿದಾರಾ ಮಿಸ್ಸು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಬಾಗಿಲ ತುಂಬ ಮಕ್ಕಳಿದ್ದರಿಂದ ಮ್ಯಾನೇಜರ್ ಹಿಂಬಾಗಿಲಿಗೆ ಅವಳ ಮೇಜಿನ ಮುಂದೆಯೇ ಹಾದುಹೋಗಬೇಕಾಯಿತು. "ನೀವು ಮಾಡಿದ್ದು ಸರಿಯಲ್ಲ" ಎಂದ ತಗ್ಗಿದ ದನಿಯಲ್ಲಿ.

"ನಾನೇನು ಮಾಡಿದೆ ಸರ್? ಸುಮ್ಮನೆ ನಿಂತಿದ್ದೆ" ಎಂದಳು. "ಹಳೇ ಟೇಪ್ ಕೊಡ್ತೀನಿ ಅಂದಿದ್ರಿ. ಹೊಸದೂ ನನಗೇ ಬೇಕು. ಎಂಟು ಅನ್ನೋ ಮಾತು ನನ್ನ ದನೀಲಿ ಅದರಲ್ಲಿಲ್ಲ; ನಿಮಗೆ ಉಪಯೋಗಕ್ಕೆ ಬರಲ್ಲ."

ಇರುವೆಯಣ್ಣ ಎರಡನ್ನೂ ಅವನ ಕಣ್ಣೆದುರೇ ತಂದು ಅವಳ ಕೈಯಲ್ಲಿಟ್ಟ. ಯಾರೂ ತಡೆಯಲಿಲ್ಲ.

ಮನೆಗೆ ಬಂದು ಅತ್ತೆ ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಕೇಳಿದರು. "ಹೊಟ್ಟೆ ತಣ್ಣಗಾಯ್ತೇನೇ?"

ಅವಳು ಯೋಚಿಸಿದಳು. "ಅರ್ಧ, ಅತ್ತೆ."

"ಉಳಿದರ್ಧ?"

"ಅಪ್ಪ ಬಂದು ಕೇಳಿಸ್ಕೊಳ್ಳೋ ಹಾಗಿಲ್ಲವಲ್ಲ."

ಅತ್ತೆ ಸೊಸೆಯ ತಲೆಯ ಮೇಲೊಮ್ಮೆ ಕೈಯಿಟ್ಟು, ಅದೇ ಕೈಯಲ್ಲಿ ಕಿಟಕಿಯ ಚಿಲಕ ಹಾಕಿ, "ಎಷ್ಟು ಸಲ ಹೇಳ್ಬೇಕು ನಿನಗೆ, ಸೊಳ್ಳೆ ಬರುತ್ತೆ ಅಂತ" ಎಂದು ಗದರಿದರು.

ಮ್ಯಾನೇಜರ್‌ಗೆ ಮೇಲಿನವರು ಕೊಟ್ಟದ್ದು ವರ್ಗಾವಣೆ. ಎಲ್ಲಿಗೋ ಒಂದು ಗೋದಾಮಿಗಂತೆ. ಅಲ್ಲಿ ಮೇಲಿನವರು ಯಾರೂ ಬರುವುದಿಲ್ಲವಂತೆ. ಅವಳನ್ನು ಮತ್ತೆ ಕರೆದರು. ಹೋದಳು, ಈಗಲೂ ಹೋಗುತ್ತಾಳೆ. ಟೇಪ್ ಮಾಡಲು ಒಪ್ಪುವುದಿಲ್ಲ, ನೆಗಡಿ ಬಂದರೆ ನೆಗಡಿಯಲ್ಲೇ ಮಾತಾಡುತ್ತಾಳೆ. ಸಂಖ್ಯೆಯನ್ನು ಇಂದಿಗೂ ಮಕ್ಕಳ ಬಾಯಲ್ಲೇ ಹೇಳಿಸುತ್ತಾಳೆ.

ಹಳೆಯ ಟೇಪನ್ನು ಅವಳ ಗಂಡ ತಂತಿ ಬಿಚ್ಚುವ ರಾಟೆಗೆ ಹಾಕಿ ಪೂರ್ತಿ ಬಿಚ್ಚಿದ. ಅತ್ತೆ ಅದನ್ನು ಹಿತ್ತಲಿನ ಟೊಮೇಟೊ ಗಿಡಗಳ ಮೇಲೆ ಕಂಬದಿಂದ ಕಂಬಕ್ಕೆ ಕಟ್ಟಿದರು, ಹಕ್ಕಿ ಬರದಿರಲೆಂದು. ಬಿಸಿಲು ಬಿದ್ದಾಗ ಅದು ಮಿರಮಿರನೆ ಹೊಳೆಯುತ್ತದೆ, ಗಾಳಿಗೆ ಬರ್ ಎಂದು ಸದ್ದು ಮಾಡುತ್ತದೆ. ಅವಳು ಉಗುಳು ನುಂಗಿದ್ದು ಅದರಲ್ಲಿ ಎಲ್ಲಿದೆಯೋ ಈಗ ಯಾರಿಗೂ ತಿಳಿಯದು.

ಹೊಸ ಟೇಪು ಟ್ರಂಕಿನಲ್ಲಿದೆ, ಅಪ್ಪನ ಬಣ್ಣದ ಬ್ರಷ್ಷಿನ ಪಕ್ಕದಲ್ಲಿ. ಅವಳು ಅದನ್ನು ಮುಟ್ಟುವುದಿಲ್ಲ. ಅತ್ತೆ ಮಾತ್ರ ಬೇಜಾರಾದಾಗ ಟ್ರಂಕಿನ ಮೇಲೆ ಬಂದು ಕೂತು, "ಆ ಧೂಮಕೇತೂನ ಒಂದ್ಸಲ ಹಾಕೇ, ಕೇಳಬೇಕು" ಅನ್ನುತ್ತಾರೆ. ಅವಳು ಬೀಗದ ಕೈ ತೆಗೆದು ಅವರ ಕೈಗೆ ಕೊಟ್ಟು, ಮೂಲಂಗಿ ಹೆಚ್ಚಲು ಒಳಗೆ ಹೋಗುತ್ತಾಳೆ. ಹೆಚ್ಚುವಾಗ ಬಾಗಿಲು ಮಾತ್ರ ತೆರೆದೇ ಇಟ್ಟುಕೊಂಡಿರುತ್ತಾಳೆ.